ಮಾನ್ಯ ಇರಿಡಿಯಮ್ ಅವರಿಗೊಂದು ಬಹಿರಂಗ ಪತ್ರ

ವಿಂಡಮ್ ವೇಲ್, ಮೆಲ್ಬರ್ನ್

ಮಾನ್ಯರೇ,

ಭೂಮಂಡಲವನ್ನೆಲ್ಲ ಅಗೆದರೂ ವರ್ಷಕ್ಕೆ 7–8 ಟನ್ ಮಾತ್ರ ಸಿಗುವ ಲೋಹವಾದ ತಾವೆಲ್ಲಿ, ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ಕಬ್ಬಿಣದ ದೋಸೆ ಕಾವಲಿ ಹೊತ್ತು ತಂದ ನಾನೆಲ್ಲಿ! ಆದರೂ ಒಂದು ಚಾಡಿ ಹೇಳದಿದ್ದರೆ ಉಂಡ ಅನ್ನ ಅರಗುವುದಿಲ್ಲ.

ತಮ್ಮ ಕುರ್ಚಿಗೆ ಕಬ್ಬಿಣ, ನಿಕ್ಕಲ್ ಅರ್ಜಿ ಹಾಕಿವೆ. ನೀರನ್ನು ಒಡೆದು ಹೈಡ್ರೋಜನ್ ತೆಗೆಯುವಾಗ ಆಮ್ಲಜನಕದ ಕಡೆ ತಾವು, ಹೈಡ್ರೋಜನ್ ಕಡೆ ಪ್ಲಾಟಿನಮ್ ಎಂದು ದೊಡ್ಡವರು ಹಂಚಿಕೊಂಡಿದ್ದಿರಿ. 2019ರಲ್ಲಿ ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಚುವಾನ್ ಝಾವೋ ಮೇಷ್ಟ್ರು, ನಮ್ಮ ಮೆಲ್ಬರ್ನಿನ ಸ್ವಿನ್‌ಬರ್ನ್‌ ವಿಶ್ವವಿದ್ಯಾಲಯದವರನ್ನೂ ಸೇರಿಸಿಕೊಂಡು, ಎರಡೂ ಕಡೆಯ ಕೆಲಸವನ್ನು ನಿಕ್ಕಲ್ ಮತ್ತು ಕಬ್ಬಿಣದ ಆಕ್ಸೈಡಿಗೆ ವಹಿಸಿ ಮಾಡಿಸಿಬಿಟ್ಟರು. ಕಬ್ಬಿಣ ಇದಕ್ಕೆ ಮೊದಲೇ ಕರೆಯದೆ ಬಂದ ನೆಂಟ. ನಿಕ್ಕಲ್ಲಿನಲ್ಲಿ ಬೆರೆತ ಚೂರುಪಾರು ಕಬ್ಬಿಣದಿಂದಲೇ ಆಮ್ಲಜನಕ ಸಲೀಸಾಗಿ ಬಿಡುಗಡೆಯಾಗುತ್ತದೆ ಎಂದು ವಿಜ್ಞಾನಿ ಡೆನಿಸ್ ಕೊರಿಗನ್ 1987ರಲ್ಲೇ ಬರೆದಿದ್ದರು. ಅವರು ಅದನ್ನು ಕರೆದದ್ದು ಕಲ್ಮಶವೆಂದು. ನಾನು ಕಾವಲಿಯಿಂದ ಉಜ್ಜಿ ಚೆಲ್ಲುವ ತುಕ್ಕಿನ ದಾಯಾದಿ ಅದು!

ಗಾಬರಿ ಬೇಡ. ಊರಿಗೆ ಹೋಗಿ ಬರುವಷ್ಟರಲ್ಲಿ ಕಾವಲಿಗೆ ತುಕ್ಕು ಹತ್ತಿತ್ತು. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದೆ. ಕೆಂಪು ನೀರು ಸಿಂಕಿಗಿಳಿದು ಕಬ್ಬಿಣ ಬೆಳ್ಳಗೆ ನಕ್ಕಿತು. ತಮ್ಮ ನೌಕರಿ ಉಳಿದಿರುವುದೂ ಈ ಹುಳಿಯಿಂದಲೇ. ಕ್ಷಾರದಲ್ಲಿ ಕುಣಿಯುವ ನಿಕ್ಕಲ್, ಕಬ್ಬಿಣ ಆಮ್ಲದಲ್ಲಿ ಕರಗುತ್ತವೆ. ಪೊರೆ ಹಾಕಿದ, ನೀರು ಒಡೆಯುವ ಆಮ್ಲೀಯ ಯಂತ್ರದಲ್ಲಿ ತಡೆದುಕೊಳ್ಳುವವರು ತಾವೇ.

ಆದರೂ ಚಿನ್ನದ ಸೂಜಿಯೆಂದು ಕಣ್ಣಿಗೆ ಚುಚ್ಚಿಕೊಳ್ಳುತ್ತಾರೆಯೇ ಎಂದು ನಮ್ಮಜ್ಜಿ ಕೇಳುತ್ತಿದ್ದರು. ಒಂದು ಕಿಲೋ ಹೈಡ್ರೋಜನ್ನಿಗೆ ಸುಮಾರು 50 ಯೂನಿಟ್ ಕರೆಂಟು ಬೇಕು, ದೊಡ್ಡ ಖರ್ಚು ಅದೇ. ಹಾಗಾಗಿ ತಮ್ಮನ್ನು ಕೈಬಿಟ್ಟ ಮಾತ್ರಕ್ಕೆ ಹೈಡ್ರೋಜನ್ ಅಗ್ಗವಾಗುವುದಿಲ್ಲ, ಒಪ್ಪಿದೆ. ಆದರೆ ನಮ್ಮ ಸೂರಿನ ಸೋಲಾರ್ ನೋಡಿ: ಗ್ರಿಡ್ಡಿಗೆ ಕೊಟ್ಟ ಯೂನಿಟ್ಟಿಗೆ ವಿಕ್ಟೋರಿಯಾದಲ್ಲಿ 2025–26ಕ್ಕೆ ಗೊತ್ತುಮಾಡಿದ ಕನಿಷ್ಠ ದರ 0.04 ಸೆಂಟ್. 2500 ಯೂನಿಟ್ ಧಾರೆ ಎರೆದರೆ ಒಂದು ಡಾಲರ್! ಮಧ್ಯಾಹ್ನದ ಈ ಪುಕ್ಕಟೆ ಕರೆಂಟಿಗೆ ಕಾದು ಕೂರುವ ಯಂತ್ರ ದಿನದ ಮುಕ್ಕಾಲು ಪಾಲು ಸುಮ್ಮನೇ ಬಿದ್ದಿರುತ್ತದೆ. ಬೀರುವಿನಲ್ಲಿ ಬೆಳ್ಳಿ ತಟ್ಟೆ ಇಟ್ಟಂತೆ ಅದರೊಳಗೆ ತಮ್ಮನ್ನು ಕೂರಿಸಲು ನಮ್ಮಂಥವರ ಕೈಲಾದೀತೆ? ಕಬ್ಬಿಣವಾದರೆ ಬಿದ್ದಿರಲಿ, ಬಡ್ಡಿ ಓಡುವುದಿಲ್ಲ. ಪದೇ ಪದೇ ನಿಲ್ಲಿಸಿ ಶುರು ಮಾಡಿದರೆ ನಿಕ್ಕಲ್ಲೂ ಸವೆಯುತ್ತದೆ ಎಂಬ ದೂರಿದೆ. ಅದನ್ನು ತಮ್ಮ ಪರ ವಕೀಲರು ಎತ್ತಿ ವಾದಿಸಲಿ.

ಇಂತು ತಮ್ಮ ವಿಧೇಯ,
ಕಾವಲಿ ಒಡೆಯ

ತಾ.ಕ.: ಪಕ್ಕದ ಆಲ್ಟೋನಾದಲ್ಲಿ ಟೊಯೋಟಾದವರು 2017ರಲ್ಲಿ ಕಾರು ತಯಾರಿಕೆ ನಿಲ್ಲಿಸಿದ ಜಾಗದಲ್ಲೇ 2021ರಲ್ಲಿ ಹೈಡ್ರೋಜನ್ ಬಂಕು ತೆರೆದಿದ್ದಾರೆ. ನೋಡಲು ಬಂದರೆ ನಮ್ಮನೆಗೂ ದಯಮಾಡಿಸಿ, ದೋಸೆ ಹಾಕುತ್ತೇನೆ. ವಿಂಡಮ್ ವೇಲ್‌ಗೆ ಬರುವ ರೈಲು ಮಾತ್ರ ಇನ್ನೂ ಡೀಸೆಲ್ಲಿನದು.