ಗ್ಲೋ ಸ್ಟಿಕ್ ಮೀಮಾಂಸೆ: ಮಡಿಕೇರಿ ದಸರಾ ಪ್ರಕರಣ

ಮೈಸೂರು ದಸರಾದ ಮೆರವಣಿಗೆ ಹಗಲಿನದು. ಅಂಬಾರಿ ಕಾಣಲು ಸೂರ್ಯನೇ ಸಾಕು. ಮಡಿಕೇರಿಯದು ಹಾಗಲ್ಲ. ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳು ಹೊರಟು ಬೆಳಗಿನವರೆಗೆ ಅಸುರರನ್ನು ಕೊಲ್ಲುತ್ತಿರುತ್ತವೆ. ಆದ್ದರಿಂದ ಕೈಬೆಳಕಿನ ಶಾಸ್ತ್ರ ಹುಟ್ಟಬೇಕಾದದ್ದು ಮಡಿಕೇರಿಯಲ್ಲೇ ಎಂಬುದು ಗ್ರಂಥಕಾರನ ಪ್ರತಿಜ್ಞೆ. ಅದು ಹುಟ್ಟಿದ್ದು ಅಮೆರಿಕದಲ್ಲಿ ಎಂಬ ಕ್ಷುದ್ರ ಆಕ್ಷೇಪವುಂಟು. 1960ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಎಡ್ವಿನ್ ಚಾಂಡ್ರಾಸ್ ಈ ಬೆಳಕಿನ ದಾರಿ ಕಂಡರು. ಅಮೆರಿಕನ್ ಸೈನಮಿಡ್ ಕಂಪನಿಯ ಮೈಕೆಲ್ ರೌಹಟ್ ಮತ್ತು ಸಂಗಡಿಗರು ಅದನ್ನು ಪ್ರಖರಗೊಳಿಸಿದರು. ದಶಮಂಟಪ ನೋಡದೆಯೇ ಇಷ್ಟು ಮಾಡಿದ್ದರೆ ಅವರ ಪ್ರತಿಭೆ ದೊಡ್ಡದೇ ಸರಿ.

ಕಡ್ಡಿ ಬೆಳಗುವುದೇಕೆ? ಮೆರವಣಿಗೆಯ ನೂಕುನುಗ್ಗಲಲ್ಲಿ ಎರಡು ಪೂರ್ವಪಕ್ಷಗಳು ಕೇಳಿಬರುತ್ತವೆ. ಒಳಗೆ ಸಣ್ಣ ಸೆಲ್ ಇದೆಯೆಂಬುದು ಬ್ಯಾಟರಿವಾದ. ಪಾರದರ್ಶಕ ಕೊಳವೆಯಲ್ಲಿ ಅದು ಕಾಣದ್ದರಿಂದ ಬಿದ್ದುಹೋಗುತ್ತದೆ. “ಅದು ರೇಡಿಯಂ ಮಾರಾಯ, ಹಗಲು ಬೆಳಕು ಕುಡಿದು ರಾತ್ರಿ ಕಕ್ಕುತ್ತದೆ” ಎಂಬುದು ರೇಡಿಯಂವಾದ. ಕತ್ತಲ ಪೊಟ್ಟಣದಲ್ಲಿ ತಿಂಗಳುಗಟ್ಟಲೆ ಮಲಗಿದ ಕಡ್ಡಿಯೂ ಬಗ್ಗಿಸಿದ ಕೂಡಲೇ ಏಳುವುದರಿಂದ ಇದೂ ನಿಲ್ಲದು. ‘ಟಕ್’ ಎಂಬ ಶಬ್ದವೇ ಇಲ್ಲಿ ಪ್ರಮಾಣ.

ಸಿದ್ಧಾಂತ ಹೀಗಿದೆ. ಪ್ಲಾಸ್ಟಿಕ್ ಕೊಳವೆಯೊಳಗೆ ತೆಳು ಗಾಜಿನ ನಳಿಗೆ. ಒಂದರಲ್ಲಿ ಹೈಡ್ರೋಜನ್ ಪೆರಾಕ್ಸೈಡ್, ಇನ್ನೊಂದರಲ್ಲಿ ಡೈಫೀನೈಲ್ ಆಕ್ಸಲೇಟ್, ಜೊತೆಗೊಂದು ಬಣ್ಣ. ನಳಿಗೆ ಒಡೆದರೆ ಎರಡೂ ಬೆರೆತು, ಕ್ಷಣಕಾಲವೂ ಬಾಳದ ಸಂಯುಕ್ತವೊಂದು ಹುಟ್ಟಿ, ಇಂಗಾಲದ ಡೈಆಕ್ಸೈಡ್ ಆಗಿ ಸಾಯುತ್ತದೆ. ಸಾಯುವಾಗ ಶಕ್ತಿಯನ್ನು ಬಣ್ಣದ ಅಣುವಿಗೆ ಬಿಟ್ಟುಹೋಗುತ್ತದೆ. ಮದುವೆಮನೆಯಲ್ಲಿ ವಾಲಗ ಶುರುವಾದೊಡನೆ ಕೊಡವರ ಮಾವಂದಿರು ಕುರ್ಚಿ ಬಿಟ್ಟೇಳುವಂತೆ ಆ ಅಣುವಿನ ಎಲೆಕ್ಟ್ರಾನು ಮೇಲೇಳುತ್ತದೆ. ಮರಳಿ ಕೂರುವಾಗ ಬೆಳಕು ಬಿಡುತ್ತದೆ. (ಮಾವಂದಿರು ಏದುಸಿರು ಬಿಡುತ್ತಾರೆ, ಭೇದ ಅಷ್ಟೇ.) ವಾಲಗ ಒಂದೇ. ಎದ್ದವರಾರು ಎಂಬುದರ ಮೇಲೆ ಹಸಿರೋ ಕೆಂಪೋ ನಿರ್ಧಾರ.

ಇನ್ನು ಶೀತಾಧಿಕರಣ. ತಣ್ಣಗಿದ್ದರೆ ಕ್ರಿಯೆ ನಿಧಾನ, ಬೆಳಕು ಮಂಕು, ಆಯುಷ್ಯ ದೀರ್ಘ. ಬೆಚ್ಚಗಾದರೆ ಪ್ರಖರ, ಅಲ್ಪಾಯು. ಸಾವಿರ ಮೀಟರಿಗೂ ಎತ್ತರದ ಮಡಿಕೇರಿಯ ಚಳಿಯಲ್ಲಿ ಮುರಿದ ಕಡ್ಡಿ, ಮಂಗಳೂರಿನ ಸೆಕೆಯಲ್ಲಿ ಮುರಿದ ಅದರ ತಮ್ಮನಿಗಿಂತ ಹೆಚ್ಚು ಹೊತ್ತು ಬಾಳುತ್ತದೆಂಬುದು ಊರಭಿಮಾನವಲ್ಲ, ರಸಾಯನಶಾಸ್ತ್ರ. ಅದನ್ನು ಸ್ವೆಟರಿನೊಳಗೆ ಬಚ್ಚಿಡುವ ಮಕ್ಕಳು ಈ ಭೌಗೋಳಿಕ ಲಾಭವನ್ನು ಕಳೆದುಕೊಳ್ಳುತ್ತಾರೆ.

ಪ್ರತಿವಾದಿಯೊಬ್ಬನಿದ್ದಾನೆ: ಕಾಫಿ ತೋಟದ ಮಿಂಚುಹುಳು. ಲೂಸಿಫೆರಿನ್, ಲೂಸಿಫೆರೇಸ್ ಕಿಣ್ವ, ಆಮ್ಲಜನಕ, ಎಟಿಪಿ ಇಷ್ಟರಲ್ಲೇ ಅದು ಪೇಟೆಂಟಿಲ್ಲದೆ ಬೆಳಗುತ್ತದೆ. ಬೇಕೆಂದಾಗ ಆರಿಸಿಕೊಳ್ಳುತ್ತದೆ ಕೂಡ, ಕಡ್ಡಿಗೆ ಆ ವಿದ್ಯೆಯಿಲ್ಲ. ಇದಕ್ಕೆ ಸಮಾಧಾನವನ್ನು ಎರಡನೇ ಸಂಪುಟದಲ್ಲಿ ಹೇಳಲಾಗುವುದು.

ಪ್ರಾಯಶ್ಚಿತ್ತ ಪ್ರಕರಣ: ಕಡ್ಡಿ ಒಡೆದು ದ್ರವ ಕಣ್ಣಿಗೆ ಸಿಡಿದರೆ ಧಾರಾಳ ನೀರು, ಆಮೇಲೆ ಡಾಕ್ಟರು, ಮಂತ್ರವಿಲ್ಲ. ಕಡ್ಡಿ ಕಚ್ಚಿದ ಮಗುವಿಗೆ ಬಾಯಿ ತೊಳೆಸಿದರಾಯಿತು, ಬೈಯಕೂಡದು ಎಂದು ಒಂದು ಶಾಖೆ. ಅಜ್ಜಿಯಂದಿರ ಶಾಖೆ ಇದನ್ನು ಒಪ್ಪುವುದಿಲ್ಲ.