ಫ್ರಿಜ್ಜು ಸಮೇತ ದಯಮಾಡಿಸಲಿರುವ ಕ್ಯಾರವಾನ್ ಯಜಮಾನರಿಗೆ ಬಹಿರಂಗ ಪತ್ರ

ಶನಿವಾರಸಂತೆ,
ಕೊಡಗು ಜಿಲ್ಲೆ

ಮಾನ್ಯರೇ,

ಮನೆಯನ್ನೇ ಗಾಲಿಯ ಮೇಲೆ ಕೂರಿಸಿಕೊಂಡು ತಾವು ಕೊಡಗಿನತ್ತ ಹೊರಟಿರುವ ಸುದ್ದಿ ತಿಳಿದು ಬಹಳ ಸಂತೋಷವಾಯಿತು. ಮಡಿಕೇರಿಯಲ್ಲಿ ಸ್ಕೂಟರ್ ನಿಲ್ಲಿಸಲೂ ಜಾಗ ಸಿಗದ ಕಾರಣ, ಜಿಲ್ಲೆಯ ಉತ್ತರದ ತುದಿಯಲ್ಲಿರುವ ನಮ್ಮೂರೇ ವಾಸಿ ಎಂದು ತೀರ್ಮಾನಿಸಿದ್ದೀರಂತೆ. ಕೊಡ್ಲಿಪೇಟೆ ಹಾದು ನೇರ ಬನ್ನಿ, ಯಾರೂ ತಡೆಯುವುದಿಲ್ಲ. ನಮ್ಮ ರಾಜ್ಯದ ಪ್ರವಾಸೋದ್ಯಮ ನೀತಿ 2020ರಲ್ಲೇ ಕ್ಯಾರವಾನಿಗೆ ಮಣೆ ಹಾಕಿದೆ, ಪಕ್ಕದ ಕೇರಳ 2021ರಲ್ಲಿ ಅದಕ್ಕೆಂದೇ ಬೇರೆ ನೀತಿ ಮಾಡಿಕೊಂಡಿದೆ. ಎರಡು ಸರ್ಕಾರಗಳು ಕರೆದ ನೆಂಟರನ್ನು ಬೇಡ ಅನ್ನಲು ನಾವ್ಯಾರು?

ಬರುವ ಮೊದಲು ತಾವು ಕೇಳಿ ಕಳಿಸಿದ ಪ್ರಶ್ನೆ ಒಂದೇ: ಅಲ್ಲಿ 15 ಆಂಪಿಯರ್ ಪಾಯಿಂಟ್ ಸಿಗುತ್ತದೆಯೇ? ಹನ್ನೊಂದನೇ ಶತಮಾನದ ಕೊಂಗಾಳ್ವರ ಕಾಲದ ಬಸದಿಗಳು ಇಲ್ಲೇ ಹತ್ತಿರ ಮುಳ್ಳೂರಿನಲ್ಲಿವೆ, ಅವುಗಳ ಬಗ್ಗೆ ಕೇಳಲಿಲ್ಲ. ಮಳೆ ಹೇಗಿದೆ ಎಂದೂ ಕೇಳಲಿಲ್ಲ. ಊರಿಗೆ ಬಂದವರು ನೀರಿಗೆ ಬಾರದಿರುತ್ತಾರೆಯೇ ಎಂಬ ಗಾದೆಯನ್ನು ಇನ್ನು ಮೇಲೆ, ಊರಿಗೆ ಬಂದವರು ಪ್ಲಗ್ಗಿಗೆ ಬಾರದಿರುತ್ತಾರೆಯೇ ಎಂದು ತಿದ್ದಿಕೊಳ್ಳುತ್ತೇವೆ.

ಪ್ಲಗ್ಗು ಇದೆ ಸ್ವಾಮಿ. ಎಲ್ಲರ ಮನೆಯಲ್ಲೂ ಇದೆ. ಅದರೊಳಗೆ ಕರೆಂಟು ಇರುವುದು ಮಾತ್ರ ಗಾಳಿಯ ಮರ್ಜಿ. ನಮ್ಮ ಕಡೆ ತಂತಿ ಹಾದು ಬರುವುದೇ ತೋಟಗಳ ನಡುವೆ. ಜೂನಿನಲ್ಲಿ ಗಾಳಿ ಎದ್ದಿತೆಂದರೆ ಸಿಲ್ವರ್ ಓಕ್ ಮರ ಬೇರೆಲ್ಲೂ ಜಾಗವಿಲ್ಲವೆಂಬಂತೆ ತಂತಿಯ ಮೇಲೇ ಒರಗುತ್ತದೆ. ಲೈನ್‌ಮ್ಯಾನ್ ಪಾಪ, ಕಾಲಿಗೆ ಹತ್ತಿದ ಜಿಗಣೆ ಕಿತ್ತು ಬಿಸಾಡುತ್ತಾ ತೋಟಕ್ಕೆ ನುಗ್ಗಿ, ಮರ ಕಡಿಸಿ, ತಂತಿ ಎಳೆದು ಕಟ್ಟುವಷ್ಟರಲ್ಲಿ ಇನ್ನೊಂದು ಮಗ್ಗುಲಲ್ಲಿ ಇನ್ನೊಂದು ಮರ ಬಿದ್ದಿರುತ್ತದೆ. ಹೀಗಾಗಿ ಮಳೆಗಾಲದಲ್ಲಿ ನಮ್ಮ ಫ್ರಿಜ್ಜುಗಳು ಬೀರುವಿನ ಕೆಲಸ ಮಾಡುತ್ತವೆ. ಬಾಗಿಲಿನ ರಬ್ಬರು ಬಿಗಿಯಾಗಿ ಕೂರುವುದರಿಂದ ಹಪ್ಪಳ ಮೆತ್ತಗಾಗುವುದಿಲ್ಲ, ಬೆಂಕಿಪೊಟ್ಟಣ ಥಂಡಿ ಹಿಡಿಯುವುದಿಲ್ಲ. ಕರೆಂಟು ಬಂದ ದಿನ ಇವನ್ನೆಲ್ಲ ಹೊರಗಿಟ್ಟು ಹಾಲಿನ ಪಾತ್ರೆಗೆ ಜಾಗ ಮಾಡುವುದೇ ಒಂದು ರಗಳೆ.

ಇನ್ನೊಂದು ಹಳೇ ಬಾಕಿಯನ್ನೂ ತಮ್ಮ ಗಮನಕ್ಕೆ ತರಬೇಕು. ಕಾವೇರಿ ನಮ್ಮ ಜಿಲ್ಲೆಯವಳು. 1902ರಲ್ಲಿ ಶಿವನಸಮುದ್ರದಲ್ಲಿ ಅವಳ ನೀರಿನಿಂದ ತೆಗೆದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪವಾಯಿತು. ನೂರಿಪ್ಪತ್ತು ವರ್ಷದ ನಂತರ ಅದೇ ಬೆಂಗಳೂರಿನಿಂದ ಫ್ರಿಜ್ಜೊಂದು ನಮ್ಮಲ್ಲಿಗೆ ಬಂದು ಕರೆಂಟು ಕೇಳುತ್ತಿದೆ. ದೂರು ಹೇಳುತ್ತಿಲ್ಲ, ಲೆಕ್ಕ ಬರೆದಿಟ್ಟಿದ್ದೇವೆ, ಅಷ್ಟೆ.

ಗಾಡಿಯಲ್ಲಿ ಬ್ಯಾಟ್ರಿ ಇದೆಯಲ್ಲ, ನಿಮ್ಮ ಹಂಗೇಕೆ ಅನ್ನುತ್ತೀರಿ. ಸರಿ, ಕೂತು ಲೆಕ್ಕ ಹಾಕೋಣ. ತಮ್ಮದು ಕ್ಯಾರವಾನಿಗೆಂದೇ ಮಾಡಿದ 12 ವೋಲ್ಟಿನ ಸಣ್ಣ ಕಂಪ್ರೆಸರ್ ಫ್ರಿಜ್ಜಾಗಿದ್ದರೆ, ಓಡುವಾಗ ಸುಮಾರು 50 ವ್ಯಾಟ್ ಎಳೆಯುತ್ತದೆ. ಗಂಟೆಗೆ ಇಪ್ಪತ್ತೈದು ನಿಮಿಷ ಓಡಿ ಉಳಿದ ಹೊತ್ತು ಸುಮ್ಮನಿದ್ದರೂ ದಿನಕ್ಕೆ ಅರ್ಧ ಯೂನಿಟ್ಟು, ಬ್ಯಾಟ್ರಿ ಲೆಕ್ಕದಲ್ಲಿ 40 ಆಂಪಿಯರ್-ಅವರ್ ಆಸುಪಾಸು. 100 ಆಂಪಿಯರ್-ಅವರಿನ ಸೀಸದ ಬ್ಯಾಟ್ರಿಗೆ 100 ಎಂಬುದು ಹೆಸರಿಗೆ ಮಾತ್ರ. ಅರ್ಧಕ್ಕಿಂತ ಹೆಚ್ಚು ಮತ್ತೆ ಮತ್ತೆ ಹಿಂಡಿದರೆ ಅದರ ಆಯಸ್ಸು ಇಳಿಯುತ್ತದೆ. ಅಲ್ಲಿಗೆ ತಮ್ಮ ಸ್ವಾವಲಂಬನೆ ಒಂದು ಹಗಲು, ಒಂದು ರಾತ್ರಿ. ದುಬಾರಿ ಲಿಥಿಯಂ ಹಾಕಿಸಿದ್ದರೆ ನೂರರಲ್ಲಿ ಎಂಬತ್ತು-ತೊಂಬತ್ತು ಪಾಲು ಬಳಸಬಹುದು, ಎರಡು ದಿನ ತಳ್ಳಬಹುದು.

ಅದರ ಬದಲು ಯಾವುದೋ ಗ್ಯಾರೇಜಿನವರು ಮನೆಯ ಫ್ರಿಜ್ಜನ್ನೇ ಟೆಂಪೊ ಟ್ರಾವೆಲರ್ ಒಳಗೆ ನಿಲ್ಲಿಸಿ, ಪಕ್ಕಕ್ಕೊಂದು ಯುಪಿಎಸ್ ಇಟ್ಟು ಕೈತೊಳೆದುಕೊಂಡಿದ್ದರೆ ಕತೆ ಬೇರೆ. 12 ವೋಲ್ಟನ್ನು 230ಕ್ಕೆ ಏರಿಸುವ ಆ ಪೆಟ್ಟಿಗೆ, ಫ್ರಿಜ್ಜು ಓಡಲಿ ಬಿಡಲಿ, ಸುಮ್ಮನೆ ಆನ್ ಆಗಿ ಕೂತಿರುವುದಕ್ಕೇ 10ರಿಂದ 20 ವ್ಯಾಟ್ ತಿನ್ನುತ್ತದೆ. ದಿನವಿಡೀ ಕೂಡಿಸಿ ನೋಡಿ: ಬಡಿಸಲು ನಿಂತ ಅಡುಗೆಭಟ್ಟನೇ ನೆಂಟನ ಅರ್ಧ ಊಟ ಉಂಡ ಹಾಗೆ. ಮೇಲಿಂದ ಕಂಪ್ರೆಸರ್ ಹೊರಡುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಕೇಳುತ್ತದೆ. ಸಣ್ಣ ಯುಪಿಎಸ್ ಆದರೆ ಒಮ್ಮೆ ಕಿರ್ರೆಂದು ಆರಿಹೋಗುತ್ತದೆ.

ಇಂಜಿನ್ ಸ್ಟಾರ್ಟ್ ಮಾಡುವ ಬ್ಯಾಟ್ರಿಗೂ ಫ್ರಿಜ್ಜಿನ ಬ್ಯಾಟ್ರಿಗೂ ನಡುವೆ ಐಸೊಲೇಟರ್ ಇದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಬೆಳಿಗ್ಗೆ ಮೊಸರು ತಣ್ಣಗಿರುತ್ತದೆ, ಗಾಡಿಯೂ ತಣ್ಣಗಿರುತ್ತದೆ. ತಳ್ಳಲು ನಮ್ಮ ಹುಡುಗರಿದ್ದಾರೆ, ಸಂತೋಷವಾಗಿ ತಳ್ಳುತ್ತಾರೆ, ವಿಡಿಯೊನೂ ಮಾಡುತ್ತಾರೆ.

ಇನ್ನು ತಮ್ಮ ಚಾವಣಿಯ ಸೋಲಾರ್. ಇದಕ್ಕೆ ನಮ್ಮೂರಿನ ಉತ್ತರ ಸ್ವಲ್ಪ ಉದ್ದ. ಕೊಡಗಿನಲ್ಲಿ ಕಾಫಿ ಬೆಳೆಯುವುದು ನೆರಳಿನಲ್ಲಿ. ಹಾಲವಾಣ, ಸಿಲ್ವರ್ ಓಕ್, ಅತ್ತಿ, ಹಲಸು, ಇವುಗಳ ಕೊಂಬೆ ಎಷ್ಟು ಬಿಡಬೇಕು ಎಷ್ಟು ಕಸಿಯಬೇಕು ಎಂದು ತಲೆತಲಾಂತರದಿಂದ ತಲೆ ಕೆಡಿಸಿಕೊಂಡವರು ನಾವು. ನೆರಳಿನಲ್ಲಿ ನಿಲ್ಲಿಸಿದರೆ ಗಾಡಿ ತಂಪಾಗಿರುತ್ತದೆ, ಫ್ರಿಜ್ಜು ಕಡಿಮೆ ತಿನ್ನುತ್ತದೆ, ಆದರೆ ಪ್ಯಾನಲ್ ಉಪವಾಸ. ಒಂದೇ ಒಂದು ಕೊಂಬೆಯ ನೆರಳು ಪ್ಯಾನಲಿನ ಮೂಲೆಗೆ ಬಿದ್ದರೂ ಉತ್ಪಾದನೆ ಕುಸಿಯುತ್ತದೆ. ಬಿಸಿಲಿಗೆ ನಿಲ್ಲಿಸಿದಿರೋ, ಪ್ಯಾನಲ್ ಹೊಟ್ಟೆ ತುಂಬ ಉಣ್ಣುತ್ತದೆ, ಒಳಗೆ ಗಾಡಿ ಬೆಂದು ಫ್ರಿಜ್ಜು ಬಿಡುವಿಲ್ಲದೆ ಓಡಿ ಅದನ್ನೆಲ್ಲ ಖರ್ಚು ಮಾಡುತ್ತದೆ. ಅತ್ತ ದರಿ, ಇತ್ತ ಪುಲಿ.

ಹಾಗಾದರೆ ಗ್ಯಾಸ್ ಫ್ರಿಜ್ಜು ಎಂದಿರಾ? ಅದು ನಮಗೆ ಹೊಸದಲ್ಲ. 1922ರಲ್ಲಿ ಸ್ಟಾಕ್‌ಹೋಮಿನ ಫಾನ್ ಪ್ಲಾಟೆನ್, ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಕಂಪ್ರೆಸರೇ ಇಲ್ಲದ, ಬೆಂಕಿಯಿಂದ ತಂಪು ಮಾಡುವ ಫ್ರಿಜ್ಜನ್ನು ರೂಪಿಸಿದರು. ಅಮೋನಿಯಾ, ನೀರು, ಹೈಡ್ರೋಜನ್ ಮೂರೂ ಕೊಳವೆಯೊಳಗೆ ಸುತ್ತುತ್ತವೆ, ಕೆಳಗೆ ಜ್ವಾಲೆ ಹಚ್ಚಿದರೆ ಮೇಲೆ ಐಸು ಕಟ್ಟುತ್ತದೆ. ಕರೆಂಟು ಬಾರದ ಕಾಲದಲ್ಲಿ ತೋಟದ ಬಂಗಲೆಗಳ ಸೀಮೆಎಣ್ಣೆ ಫ್ರಿಜ್ಜಿನೊಳಗೆ ಇದೇ ಜಾದೂ ಇತ್ತು. ಬತ್ತಿ ಕತ್ತರಿಸುವುದು ಒಂದು ದಿನ ತಪ್ಪಿದರೆ ದೊರೆಗಳ ಬೆಣ್ಣೆ ಕರಗುವ ಮೊದಲೇ ಅಡುಗೆಮನೆಯ ಗೋಡೆ ಕಪ್ಪಾಗುತ್ತಿತ್ತು. ಈಗಿನ ಕ್ಯಾರವಾನಿನಲ್ಲಿ ಅದನ್ನೇ ಗ್ಯಾಸಿನಲ್ಲಿ, 12 ವೋಲ್ಟಿನಲ್ಲಿ, ಮನೆ ಕರೆಂಟಿನಲ್ಲಿ, ಮೂರರಲ್ಲೂ ಓಡುವಂತೆ ಮಾಡಿದ್ದಾರೆ. ಆದರೆ 12 ವೋಲ್ಟಿನಲ್ಲಿ ಅದು 100 ವ್ಯಾಟಿಗೂ ಮೇಲೆ ಎಡೆಬಿಡದೆ ಎಳೆಯುತ್ತದೆ, ಇಂಜಿನ್ ಓಡುವಾಗಷ್ಟೇ ಸರಿ. ನಿಂತಾಗ ಗ್ಯಾಸೇ ಗತಿ. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಅದರ ಮೇಲೆಯೇ ತಾವು ಮಲಗುವುದು ಎಂಬುದನ್ನು ಮರೆಯಬೇಡಿ.

ಈ ಫ್ರಿಜ್ಜಿಗೆ ಇನ್ನೊಂದು ಮಡಿ ಇದೆ. ಒಳಗೆ ಪಂಪು ಇಲ್ಲ, ಎಲ್ಲವೂ ಇಳಿಜಾರಿನಲ್ಲಿ ತಾನಾಗಿ ಹರಿಯಬೇಕು. ಹಾಗಾಗಿ ಗಾಡಿ ಮಟ್ಟಸವಾಗಿ ನಿಲ್ಲಬೇಕು. ಓರೆಯಾಗಿ ನಿಂತು ಉರಿಯುತ್ತಾ ಇದ್ದರೆ ದ್ರವ ಒಂದೆಡೆ ತಂಗಿ, ಕುದಿಯುವ ಕೊಳವೆ ಬರಿದಾಗಿ ಕಾದು, ತುಕ್ಕು ತಡೆಯಲು ಬೆರೆಸಿದ ರಾಸಾಯನಿಕ ಹರಳುಗಟ್ಟಿ ಕಟ್ಟಿಕೊಳ್ಳುತ್ತದೆ. ಆಮೇಲೆ ಅದು ಫ್ರಿಜ್ಜಲ್ಲ, ಬರೀ ಪೆಟ್ಟಿಗೆ. ಅಂಗಳ, ಕೊಟ್ಟಿಗೆ, ರಸ್ತೆ, ಎಲ್ಲವೂ ಒಂದು ಕಡೆಗೆ ವಾಲಿರುವ ಜಿಲ್ಲೆಗೆ ಇದನ್ನು ತರುತ್ತಿದ್ದೀರಿ.

ನಮ್ಮಲ್ಲಿ ಮಟ್ಟಸವೂ ಆಗಿ, ಬಿಸಿಲೂ ಬೀಳುವ ಜಾಗ ಒಂದೇ: ಕಾಫಿ ಕಣ. ತಮಗೆ ಹೇಳಿ ಮಾಡಿಸಿದ ಹಾಗಿದೆ. ತೊಂದರೆ ಏನೆಂದರೆ ಆಕಾಶ ತಿಳಿಯಾಗಿರುವ ಡಿಸೆಂಬರಿನಿಂದ ಫೆಬ್ರುವರಿವರೆಗೆ ಅದರ ತುಂಬ ಕಾಫಿ ಹರಡಿರುತ್ತದೆ. ಕಾಫಿ ಒಣಗಿ, ಮೂಟೆಯಾಗಿ, ಕಣ ಖಾಲಿಯಾಗಿ, ತಮ್ಮಂಥವರಿಗೆ ರಜೆ ಸಿಗುವಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಆಗ ಕಣವೂ ಇದೆ, ಪ್ಯಾನಲೂ ಇದೆ, ಸೂರ್ಯನೇ ರಜೆಯ ಮೇಲೆ.

ಕೊನೆಗೆ ತಾವು ರಸ್ತೆಬದಿಯ ಯಾವುದೋ ಮನೆಯ ಜಗುಲಿ ಹತ್ತಿ, "ಅಜ್ಜಿ, ಬರೀ ಫ್ರಿಜ್ಜಿಗೆ ಒಂಚೂರು ಕರೆಂಟ್ ಕೊಡ್ತೀರಾ?" ಎಂದು ಕೇಳುವಿರೆಂದು ಬಲ್ಲೆ. ಅಜ್ಜಿ ಇಲ್ಲ ಅನ್ನುವುದಿಲ್ಲ. ಮೊದಲು ಕಾಫಿ ಕುಡೀರಿ ಅನ್ನುತ್ತಾರೆ. ಫ್ರಿಜ್ಜಿನ ಅರ್ಧ ಯೂನಿಟ್ಟಿಗೆ ಅವರ ಮನೆಯೇನೂ ಮುಳುಗುವುದಿಲ್ಲ. ಆದರೆ ಆ ವಯರಿನ ಇನ್ನೊಂದು ತುದಿಯಲ್ಲಿ ಬಿಸಿನೀರಿನ ಕೆಟಲ್ಲು, ಆಮೇಲೆ ಇಂಡಕ್ಷನ್ ಒಲೆ, ರಾತ್ರಿ ಸೆಕೆಯೆಂದು ಎಸಿ. 2023ರಿಂದ ಅಜ್ಜಿಯ ಮನೆಗೆ ಗೃಹಜ್ಯೋತಿ ಇದೆ. ಹಿಂದೆ ಬಳಸುತ್ತಿದ್ದ ಸರಾಸರಿಯ ಮೇಲೆ ಅಷ್ಟಿಷ್ಟು ಸೇರಿಸಿ ಉಚಿತ. ಅದಕ್ಕಿಂತ ಮೇಲಿನದಕ್ಕೆ ದುಡ್ಡು, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಮೀಟರ್ ರೀಡರ್ ಬರುವ ಹೊತ್ತಿಗೆ ತಾವು ಬೆಂಗಳೂರಿನಲ್ಲಿರುತ್ತೀರಿ.

ಕರೆಂಟನ್ನು ನಂಬದೆ ತಂಪು ಕಾಯುವವರು ನಮ್ಮಲ್ಲೂ ಇದ್ದಾರೆ ಎಂಬುದು ತಮಗೆ ಗೊತ್ತಿರಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಮಕ್ಕಳ ಲಸಿಕೆ ಇಡುವ ಪೆಟ್ಟಿಗೆಯನ್ನು ಒಮ್ಮೆ ನೋಡಿ. ಗೋಡೆಯ ಸುತ್ತ ಐಸು ತುಂಬಿಸಿಕೊಂಡಿರುವ ಆ ಫ್ರಿಜ್ಜಿಗೆ ದಿನಕ್ಕೆ ಎಂಟು ಗಂಟೆ ಕರೆಂಟು ಸಿಕ್ಕರೆ ಸಾಕು, ಉಳಿದ ಹದಿನಾರು ಗಂಟೆ 2ರಿಂದ 8 ಡಿಗ್ರಿಯೊಳಗೆ ತಾನೇ ಕಾಯುತ್ತದೆ. ಬಾಗಿಲು ಮೇಲಕ್ಕೆ ತೆರೆಯುವುದರಿಂದ ತಂಪು ಹೊರಗೆ ಚೆಲ್ಲುವುದಿಲ್ಲ. ಕರಾವಳಿಯಿಂದ ಘಟ್ಟ ಹತ್ತಿ ಬರುವ ಬಂಗುಡೆ, ಮತ್ತಿಗಳಿಗೆ ಅದೂ ಇಲ್ಲ. ಥರ್ಮಾಕೋಲ್ ಡಬ್ಬ, ಪುಡಿ ಐಸು, ಮೇಲೊಂದು ಗೋಣಿ, ಕೆಳಗೆ ತೊಟ್ಟಿಕ್ಕುವ ನೀರು. ತಾವೂ ದಾರಿಯಲ್ಲಿ ಇಂಜಿನ್ ಓಡುವಾಗಲೇ ನಾಲ್ಕು ಬಾಟಲಿ ನೀರು ಹೆಪ್ಪುಗಟ್ಟಿಸಿಟ್ಟರೆ ಒಂದು ರಾತ್ರಿ ಬ್ಯಾಟ್ರಿಯ ತಂಟೆಯೇ ಬೇಡ. ಬಾಗಿಲನ್ನು ಹತ್ತು ಸಲ ತೆರೆದು ಏನಿದೆ ಎಂದು ನೋಡುವ ಚಪಲ ಬಿಟ್ಟರೆ ಇನ್ನೂ ಒಳ್ಳೆಯದು.

ಅಷ್ಟಕ್ಕೂ ಆ ಫ್ರಿಜ್ಜಿನೊಳಗೆ ಇರುವುದೇನು? ಬಿಯರ್ ವಿಚಾರ ಬಿಡಿ, ಅದು ತಮಗೂ ಅಬಕಾರಿಯವರಿಗೂ ಬಿಟ್ಟದ್ದು. ತರಕಾರಿಯ ಡಬ್ಬಿ ತೆರೆಯಿರಿ. ಬೇಸಿಗೆಯಲ್ಲಿ, ಭತ್ತ ಕೊಯ್ದ ಗದ್ದೆಗಳಲ್ಲಿ ನಮ್ಮ ರೈತರು ಹಸಿಮೆಣಸಿನಕಾಯಿ ಬೆಳೆಯುತ್ತಾರೆ. ಶನಿವಾರ ಬೆಳಗಾಗುವ ಹೊತ್ತಿಗೆ ಸಂತೆಮಾಳದಲ್ಲಿ ಮೂಟೆಗಳ ಸಾಲು. ವ್ಯಾಪಾರಿ ಮೂಟೆಯ ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ತೊಟ್ಟು ನೋಡಿ, ಕಾಯಿ ಮುರಿದು, ಮುಖ ಸಿಂಡರಿಸಿ ಬೆಲೆ ಇಳಿಸುತ್ತಾನೆ. ತೂಕವಾಗಿ, ಗೋಣಿಯ ಬಾಯಿ ದಬ್ಬಳದಲ್ಲಿ ಹೊಲಿದು, ಲಾರಿ ತುಂಬಿ ಹೊರ ಊರುಗಳಿಗೆ ಹೊರಡುತ್ತದೆ. ಅಲ್ಲಿ ಕೈ ಬದಲಿಸಿ, ಪ್ಲಾಸ್ಟಿಕ್ ತಟ್ಟೆಯಲ್ಲಿ ಸುತ್ತಿಸಿಕೊಂಡು, ತಮ್ಮ ಫ್ರಿಜ್ಜು ಸೇರಿ, ಲಿಥಿಯಂ ಬ್ಯಾಟ್ರಿಯ ಪೋಷಣೆಯಲ್ಲಿ ಮೆಣಸಿನಕಾಯಿ ಮತ್ತೆ ಶನಿವಾರಸಂತೆಗೇ ಬಂದಿಳಿಯುವ ದಿನ ಬಂದರೆ ನಮಗೇನೂ ಆಶ್ಚರ್ಯವಿಲ್ಲ. ಇಲ್ಲಿ ಕಿಲೋಗೆ ಎಷ್ಟು ಸಿಕ್ಕಿತು, ಅಲ್ಲಿ ಎಷ್ಟು ಕೊಟ್ಟಿರಿ ಎಂದು ಮಾತ್ರ ಬೆಳೆದವನ ಎದುರು ಹೇಳಬೇಡಿ.

ಆದ್ದರಿಂದ ವಿನಂತಿ ಇಷ್ಟೆ. ಫ್ರಿಜ್ಜನ್ನು ಖಾಲಿ ಮಾಡಿ, ಬಂದ್ ಮಾಡಿ, ಬಾಗಿಲು ಚೂರು ತೆರೆದಿಟ್ಟು ಬನ್ನಿ, ವಾಸನೆ ಹಿಡಿಯುವುದಿಲ್ಲ. ಶನಿವಾರವೇ ಬನ್ನಿ, ಬಟ್ಟೆ ಚೀಲ ತನ್ನಿ. ಸೊಪ್ಪು, ಮೆಣಸಿನಕಾಯಿ, ಮೀನು ಆ ಹೊತ್ತಿಗೆ ಬೇಕಾದಷ್ಟು ಕೊಳ್ಳಿ, ಚೌಕಾಸಿ ಸ್ವಲ್ಪ ಕಡಿಮೆ ಮಾಡಿ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಇದ್ದರೆ ಮಾತ್ರ ಮುಲಾಜಿಲ್ಲದೆ ಯಾರ ಮನೆಯ ಬಾಗಿಲಾದರೂ ತಟ್ಟಿ. ಹಪ್ಪಳ ತೆಗೆದು ಜಾಗ ಮಾಡಿಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಶನಿವಾರಸಂತೆಯ ಒಬ್ಬ ಸಣ್ಣ ಕಾಫಿ ಬೆಳೆಗಾರ

ವಿ.ಸೂ.: ಡೀಸೆಲ್ ಜನರೇಟರ್ ತರುವುದಾದರೆ ಮಡಿಕೇರಿಗೇ ಹೋಗಿ.