ನೀವು ಯಾರು ಅಂತ ಕೇಳುವ ಮೊದಲು

ಮೊಬೈಲ್ ಆಪ್ ಬರೆದು ಹೊಟ್ಟೆ ಹೊರೆಯುವವರನ್ನು ಬೆದರಿಸಲು ಬೈಯಬೇಕಾಗಿಲ್ಲ. 'ಒಂದು ಬಟನ್ ತಾನೇ, ಹಾಕಿಬಿಡು' ಅಂದರೆ ಸಾಕು. ಬಟನ್ ಚಿಕ್ಕದಾದಷ್ಟೂ ಅದರ ಹಿಂದಿನ ದುಡಿಮೆ ಹೆಚ್ಚು. ಅದರಲ್ಲೂ 'ಗೂಗಲ್ ಮೂಲಕ ಒಳಬನ್ನಿ', 'ಆಪಲ್ ಮೂಲಕ ಒಳಬನ್ನಿ' ಎಂದು ನಗುನಗುತ್ತಾ ಕರೆಯುವ ಬಟನ್‌ಗಳಿವೆಯಲ್ಲ, ಅವು ಒತ್ತುವವರಿಗೆ ಮಾತ್ರ ಸಲೀಸು.

ಸಾಗರದ ನಮ್ಮ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಊರೂರಿಗೆ ಕಳಿಸುತ್ತಾರೆ. ಅವರ ವ್ಯಾಪಾರಕ್ಕೊಂದು ಆಪ್ ಮಾಡಿಕೊಟ್ಟವನು ಮೈದುನನಾದ ನಾನು. ಸಂಭಾವನೆ ಜಾಡಿಯ ಲೆಕ್ಕದಲ್ಲಿ. ಆಪ್ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಗಿರಾಕಿಗಳು ಪಾಸ್‌ವರ್ಡ್ ಮರೆತು, ಅದನ್ನು ಕೇಳಲು ಅತ್ತಿಗೆಗೇ ಫೋನ್ ಮಾಡಿ, ಫೋನಿನಲ್ಲೇ ಆರ್ಡರನ್ನೂ ಕೊಟ್ಟು ಮುಗಿಸುತ್ತಿದ್ದರು.

"ಉಪ್ಪಿನಕಾಯಿ ತಗೊಳ್ಳೋಕೆ ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಯಾಕೆ ಬೇಕು ಮಾರಾಯ? ಬೇರೆ ಆಪ್‌ಗಳಲ್ಲಿ ಬಣ್ಣಬಣ್ಣದ 'ಜಿ' ಇರ್ತದಲ್ಲ, ಅದನ್ನ ಹಾಕು. ಒಂದು ಬಟನ್ ತಾನೇ?" ಅಂದರು ಅತ್ತಿಗೆ.

ತತ್ವವೇನೋ ಸರಳ. ಗಿರಾಕಿ ಯಾರೆಂದು ನಮ್ಮ ಆಪ್ ತಾನೇ ವಿಚಾರಿಸುವುದಿಲ್ಲ. ಅವರನ್ನು ಬಲ್ಲ ಮೂರನೆಯವರ ಬಳಿಗೆ ಕಳಿಸುತ್ತದೆ. ಪಾಸ್‌ವರ್ಡನ್ನು ಅಲ್ಲಿ ಒಪ್ಪಿಸಿ, 'ಹೌದು, ಇವರು ನಮಗೆ ಗೊತ್ತಿದ್ದವರೇ' ಎಂಬ ಟೋಕನ್ ಹಿಡಿದು ಅವರು ವಾಪಸ್ ಬರುತ್ತಾರೆ. ಈ ಏರ್ಪಾಡು ಇಲ್ಲದ ಕಾಲದಲ್ಲಿ ಜನ ಬಲು ಉದಾರಿಗಳಾಗಿದ್ದರು. 'ನಿಮ್ಮ ಗೆಳೆಯರನ್ನು ಹುಡುಕಿಕೊಡುತ್ತೇವೆ, ಇಮೇಲಿನ ಪಾಸ್‌ವರ್ಡ್ ಕೊಡಿ' ಎಂದು ವೆಬ್‌ಸೈಟುಗಳು ಕೇಳಿದರೆ ಕೊಟ್ಟೇಬಿಡುತ್ತಿದ್ದರು. ಆ ಔದಾರ್ಯಕ್ಕೆ ಕಡಿವಾಣ ಹಾಕಲು 2007ರಲ್ಲಿ ಓಆಥ್ ಎಂಬ ನಿಯಮಾವಳಿ ಬಂತು, 2012ರಲ್ಲಿ ಅದರ ಎರಡನೆಯ ಅವತಾರ. ಆ ಎರಡನೆಯದರ ಮುಖ್ಯ ಸಂಪಾದಕರಾಗಿದ್ದ ಎರಾನ್ ಹ್ಯಾಮರ್, ಕರಡು ಮುಗಿಯುವ ಹೊತ್ತಿಗೆ ಬೇಸತ್ತು ತಮ್ಮ ಹೆಸರನ್ನೇ ಅದರಿಂದ ತೆಗೆಸಿಕೊಂಡರು. ಬರೆದವರಿಗೇ ಬೇಡವಾದದ್ದು ನಮ್ಮ ಪಾಲಿಗೆ ಉಳಿಯಿತು. ಅದಾದರೂ ಅನುಮತಿ ಕೊಡಿಸುವ ನಿಯಮವೇ ಹೊರತು ಬಂದವರು ಯಾರೆಂದು ಹೇಳುವ ನಿಯಮವಲ್ಲ. ಅಷ್ಟು ಹೇಳಿಸಲು 2014ರಲ್ಲಿ ಓಪನ್ ಐಡಿ ಕನೆಕ್ಟ್ ಎಂಬ ಇನ್ನೊಂದು ಅಂತಸ್ತನ್ನು ಅದರ ಮೇಲೆ ಕಟ್ಟಬೇಕಾಯಿತು.

ನಮ್ಮ ಆಪ್ ಇರುವುದು ಫ್ಲಟರ್‌ನಲ್ಲಿ. ಒಮ್ಮೆ ಬರೆದರೆ ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಓಡುತ್ತದೆ ಎಂಬುದು ಫ್ಲಟರ್‌ನ ಹೆಗ್ಗಳಿಕೆ, ಸುಳ್ಳೇನಲ್ಲ. ಲಾಗಿನ್ ಹತ್ತಿರ ಬಂದೊಡನೆ ಮಾತ್ರ ಮನೆ ಎರಡು ಪಾಲಾಗುತ್ತದೆ. ಫ್ಲಟರ್‌ನಲ್ಲಿ ಬರೆಯಬೇಕಾದದ್ದು ಕೆಲವೇ ಸಾಲು. ಉಳಿದದ್ದೆಲ್ಲ ನಾನು ಯಾರೆಂದು ರುಜುವಾತು ಮಾಡುವ ಕೆಲಸ. ಗಿರಾಕಿಯನ್ನು 'ನೀವು ಯಾರು' ಎಂದು ಕೇಳಬೇಕಾದರೆ, ಮೊದಲು 'ನೀನು ಯಾರು' ಎಂಬ ಪ್ರಶ್ನೆಗೆ ಎರಡು ಕಡೆ ಉತ್ತರ ಕೊಟ್ಟಿರಬೇಕು. ಹೆಣ್ಣು ನೋಡಲು ಹೋದ ಹುಡುಗನನ್ನು ಹುಡುಗಿಯ ದೊಡ್ಡಪ್ಪ ಜಗಲಿಯಲ್ಲೇ ಕೂರಿಸಿಕೊಂಡು ಊರು, ಗೋತ್ರ, ಸಂಬಳ ವಿಚಾರಿಸಿದ ಹಾಗೆ. ಹುಡುಗಿ ಕಾಣುವುದು ಆಮೇಲಿನ ಮಾತು.

ಆಂಡ್ರಾಯ್ಡ್ ಕಡೆಯವರು ಮೊದಲು ಕೇಳುವುದು ಎಸ್‌ಎಚ್‌ಎ-1 ಫಿಂಗರ್‌ಪ್ರಿಂಟ್. ಆಪ್‌ಗೆ ಸಹಿ ಹಾಕುವ ಕೀಲಿಯ ಗುರುತು ಅದು, 40 ಅಕ್ಷರದ್ದು. ಆಪ್ ಒಂದೇ ಆದರೂ ಗುರುತು ಮೂರು. ಪರೀಕ್ಷೆಗೆ ಓಡಿಸುವಾಗ ಡೀಬಗ್ ಕೀ. ಅದರ ಪಾಸ್‌ವರ್ಡ್ ಜಗತ್ತಿನ ಎಲ್ಲ ಡೆವಲಪರ್‌ಗಳಿಗೂ 'ಆಂಡ್ರಾಯ್ಡ್' ಎಂದೇ. ಸ್ಟೋರಿಗೆ ಕಳಿಸುವಾಗ ಅಪ್‌ಲೋಡ್ ಕೀ. ಕಳಿಸಿದ ಮೇಲೆ ಪ್ಲೇ ಸ್ಟೋರ್ ನಮ್ಮ ಸಹಿ ತೆಗೆದು ತನ್ನ ಬಳಿಯ ಮೂರನೆಯ ಕೀಲಿಯಿಂದ ಸಹಿ ಹಾಕುತ್ತದೆ; 2021ರ ಆಗಸ್ಟಿನಿಂದ ಹೊಸ ಆಪ್‌ಗಳಿಗೆಲ್ಲ ಇದು ಕಡ್ಡಾಯ. ಮೂರನ್ನೂ ನೋಂದಾಯಿಸದಿದ್ದರೆ, ಡೆವಲಪರನ ಮೇಜಿನ ಮೇಲೆ ಸಲೀಸಾಗಿ ನಡೆದ ಲಾಗಿನ್ ಸ್ಟೋರಿನಿಂದ ಇಳಿಸಿಕೊಂಡವರ ಫೋನಿನಲ್ಲಿ ಮುಷ್ಕರ ಹೂಡುತ್ತದೆ. ಬಹುಕಾಲದಿಂದ ಇದಕ್ಕೆ ಬರುತ್ತಿದ್ದ ದೋಷಸಂಖ್ಯೆ 10, ಅಧಿಕೃತ ಹೆಸರು 'ಡೆವಲಪರ್ ಎರರ್'. ಏನು ತಪ್ಪು, ಎಲ್ಲಿ ತಪ್ಪು ಎಂಬ ಗೊಡವೆಗೆ ಹೋಗದೆ, ಯಾರದು ತಪ್ಪು ಎಂದಷ್ಟೇ ಹೇಳಿ ಸುಮ್ಮನಾಗುತ್ತಿತ್ತು.

ಇಷ್ಟು ಒಪ್ಪಿಗೆಯಾದ ಮೇಲೆ ಲಾಗಿನ್ ಪುಟ ತೆರೆಯುವುದೆಲ್ಲಿ? ಆಪ್ ಒಳಗೇ ತೆರೆದರೆ ನೋಡಲು ಚೆಂದ. ಆದರೆ ಅಲ್ಲಿ ಒತ್ತಿದ ಪಾಸ್‌ವರ್ಡನ್ನು ಆಪ್ ಇಣುಕಿ ನೋಡಬಹುದು. ಅದಕ್ಕೇ ಗೂಗಲ್ 2017ರಲ್ಲಿ ಆ ದಾರಿ ಮುಚ್ಚಿತು. ಪುಟ ತೆರೆದೇ ಆಗಬೇಕೆಂದರೆ ಈಗ ಫೋನಿನ ಬ್ರೌಸರಿಗೆ ಕಳಿಸಿ ಅಲ್ಲಿಂದ ವಾಪಸ್ ಕರೆಸಿಕೊಳ್ಳಬೇಕು. ಬರುವ ದಾರಿಯಲ್ಲಿ ಇನ್ನೊಂದು ಆಪ್ ನಮ್ಮ ಹೆಸರು ಹೇಳಿಕೊಂಡು ಅಡ್ಡ ಬಂದರೆ? ಅದಕ್ಕೆ ಪಿಕೆಸಿಇ ಎಂಬ ಉಪಾಯವಿದೆ, ಬಲ್ಲವರು ಪ್ರೀತಿಯಿಂದ 'ಪಿಕ್ಸಿ' ಅನ್ನುತ್ತಾರೆ. ಹೊರಡುವಾಗ ಒಂದು ಗುಟ್ಟಿನ ಹ್ಯಾಶನ್ನು ಮಾತ್ರ ಕೊಟ್ಟಿರಬೇಕು. ಟೋಕನ್ ಕೇಳುವಾಗ ಆ ಗುಟ್ಟನ್ನೇ ಹಾಜರುಪಡಿಸಬೇಕು. ನಡುವೆ ಬಂದವನಿಗೆ ಗುಟ್ಟು ಗೊತ್ತಿಲ್ಲದ ಕಾರಣ ಅವನ ಆಟ ನಡೆಯುವುದಿಲ್ಲ.

ಇದನ್ನೆಲ್ಲ ಅತ್ತಿಗೆಗೆ ಹೇಳಿದೆ. ತಾಳ್ಮೆಯಿಂದ ಕೇಳಿ, "ಅಷ್ಟೆಲ್ಲ ಕಷ್ಟಪಟ್ಟು ಅವನು ಕದಿಯೋದು ಏನು, ಅರ್ಧ ಕೇಜಿ ಉಪ್ಪಿನಕಾಯಿನಾ?" ಅಂದರು.

ಐಫೋನಿನ ಕಾನೂನೇ ಬೇರೆ. ಗೂಗಲ್ ಬಟನ್ ಒಂದನ್ನೇ ಕಟ್ಟಿಕೊಂಡು ಆಪ್ ಸ್ಟೋರಿಗೆ ಹೋಗುವಂತಿಲ್ಲ. 2019ರಲ್ಲಿ ಆಪಲ್ ತನ್ನದೇ ಲಾಗಿನ್ ತಂದು, ಬೇರೆಯವರ ಬಟನ್ ಇದ್ದಲ್ಲಿ ನಮ್ಮದೂ ಇರಲಿ ಅಂದಿತು. 2024ರಲ್ಲಿ ತುಸು ಮೆತ್ತಗಾಗಿ, ನಮ್ಮದೇ ಆಗಬೇಕೆಂದಿಲ್ಲ, ಇಮೇಲ್ ಬಚ್ಚಿಡಲು ಬಿಡುವಂಥ ಇನ್ನೊಂದಾದರೂ ಇರಲಿ ಅಂದಿತು. ಅಂಥ ಇನ್ನೊಂದನ್ನು ಹುಡುಕಿಕೊಂಡು ಅಲೆಯುವುದಕ್ಕಿಂತ ಆಪಲ್‌ನದನ್ನೇ ಹಾಕುವುದು ಮೇಲು. ವರ್ಷಕ್ಕೆ 99 ಡಾಲರ್ ಸದಸ್ಯತ್ವ. ಅದು ಎಷ್ಟು ಜಾಡಿಯಾಗುತ್ತದೆಂದು ಅತ್ತಿಗೆಗೆ ಹೇಳಲಿಲ್ಲ. ಅಲ್ಲಿ ಕೊಡುವ ಖಾಸಗಿ ಕೀಲಿಯನ್ನು ಒಂದೇ ಸಲ ಇಳಿಸಿಕೊಳ್ಳಬಹುದು. ಆಪಲ್ ಬಟನ್ ಆಂಡ್ರಾಯ್ಡಿನಲ್ಲೂ ಇರಬೇಕೆಂದರೆ ವೆಬ್ಬಿನ ಸುತ್ತುದಾರಿಯೇ ಗತಿ. ಆ ದಾರಿಯಲ್ಲಿ ತೋರಿಸಬೇಕಾದ ರಹಸ್ಯವನ್ನು ಆ ಕೀಲಿಯಿಂದ ನಾವೇ ತಯಾರಿಸಬೇಕು. ಅದರ ಆಯಸ್ಸು 1,57,77,000 ಸೆಕೆಂಡು ಮೀರುವಂತಿಲ್ಲ. ಲೆಕ್ಕ ಹಾಕಿದರೆ ಆರು ತಿಂಗಳು. ಅತ್ತಿಗೆಯ ಮಿಡಿ ಉಪ್ಪಿನಕಾಯಿ ಎರಡು ವರ್ಷವಾದರೂ ಕೆಡುವುದಿಲ್ಲ.

ಅಂತೂ ಎರಡೂ ಬಟನ್ ಬಂದವು. ಹೊಸ ಗಿರಾಕಿಗಳ ಪಟ್ಟಿ ನೋಡುತ್ತಿದ್ದ ಅತ್ತಿಗೆ, "ಈ ಪ್ರೈವೇಟ್‌ರಿಲೇ ಅನ್ನೋರ ಮನೇಲಿ ಎಷ್ಟು ಜನ ಇದಾರೆ? ಎಲ್ಲರೂ ನಮ್ಮಲ್ಲೇ ತರಿಸ್ತಾರಲ್ಲ!" ಎಂದು ಹಿಗ್ಗಿದರು. ಅದು ಮನೆತನವಲ್ಲ, ನಿಜವಾದ ಇಮೇಲ್ ಕೊಡಲೊಲ್ಲದವರಿಗೆ ಆಪಲ್ ಮಾಡಿಕೊಡುವ ಮರೆವಿಳಾಸ ಎಂದು ವಿವರಿಸಿದೆ. ಅತ್ತಿಗೆಗೆ ನಂಬಿಕೆ ಬರಲಿಲ್ಲ. ಬಾರದಿದ್ದುದು ಸಹಜವೇ, ಏಕೆಂದರೆ ಇಮೇಲ್ ಬಚ್ಚಿಟ್ಟ ಅದೇ ಮಹನೀಯರು ಮುಂದಿನ ಪುಟದಲ್ಲಿ ಪೂರ್ತಿ ಹೆಸರು, ಮೊಬೈಲ್ ನಂಬರು, 'ನೀರಿನ ಟ್ಯಾಂಕಿನ ಹಿಂದೆ, ಹಸಿರು ಗೇಟು, ನಾವು ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಕೊಡಿ, ಮಧ್ಯಾಹ್ನ ಮಲಗಿರುತ್ತೇವೆ' ಎಂಬುದನ್ನೆಲ್ಲ ತಾವಾಗಿಯೇ ಬರೆದಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಗೋಪ್ಯತೆಯ ಕೋಟೆ ಕೊರಿಯರ್ ಹುಡುಗನ ಮುಂದೆ ನಿಲ್ಲುವುದಿಲ್ಲ.

ಇಷ್ಟೆಲ್ಲ ಆಗಿ ಟೋಕನ್ ಬಿಚ್ಚಿದರೆ ಒಳಗೆ ಕೈಗೆ ಹತ್ತುವುದು ಒಂದು ಗುರುತಿನ ಸಂಖ್ಯೆ. ಇಮೇಲ್ ಬದಲಾದರೂ ಅದು ಬದಲಾಗದು, ನಂಬಬೇಕಾದದ್ದು ಅದನ್ನೇ. ಆದರೆ ಒಬ್ಬರೇ ಇವತ್ತು ಗೂಗಲ್, ನಾಳೆ ಆಪಲ್ ಒತ್ತಿದರೆ ಗುರುತು ಎರಡಾಗುತ್ತದೆ. ಇಮೇಲನ್ನೂ ಬಚ್ಚಿಟ್ಟಿದ್ದರೆ ಅವರಿಬ್ಬರೂ ಒಬ್ಬರೇ ಎಂದು ಯಾವ ಕೋಡಿಗೂ ಹೊಳೆಯುವುದಿಲ್ಲ. ಅತ್ತಿಗೆಗೆ ಹೊಳೆಯಿತು. ಒಂದು ಪಾರ್ಸೆಲ್ ಬೆಂಗಳೂರಿಗೆ, ಇನ್ನೊಂದು ಮೈಸೂರಿಗೆ. ವಿಳಾಸದ ಕೊನೆಯಲ್ಲಿ ಮಾತ್ರ ಎರಡರಲ್ಲೂ 'ಖಾರ ಜಾಸ್ತಿ, ಇಂಗು ಬೇಡ' ಎಂದಿತ್ತು.

"ಇವರು ಅವರೇ. ಮಗಳ ಮನೆಗೆ ಹೋಗಿದಾರೆ," ಎಂದು ತೀರ್ಪು ಕೊಟ್ಟ ಅತ್ತಿಗೆ ನನ್ನ ಕಡೆ ತಿರುಗಿದರು. "ಇಷ್ಟೆಲ್ಲ ವಿಚಾರಣೆ ಇಟ್ಟಿದ್ದೀಯ, ಖಾರ ಎಷ್ಟು ಅಂತ ಕೇಳೋಕೆ ಒಂದು ಜಾಗ ಇಟ್ಟಿಲ್ಲವಲ್ಲ ಮಾರಾಯ. ಜನ ಪಾಪ ವಿಳಾಸದಲ್ಲಿ ಬರೀತಾ ಇದಾರೆ."

ಗಿರಾಕಿ ಒಪ್ಪಿದರೆ ಗೂಗಲ್‌ನಿಂದ ಕ್ಯಾಲೆಂಡರ್, ಡ್ರೈವ್, ಯೂಟ್ಯೂಬ್ ಎಂದು ಏನೇನನ್ನೋ ಕೇಳಿ ಪಡೆಯಬಹುದು. ಖಾರದ ಸುದ್ದಿ ಅಲ್ಲಿ ಸಿಗುವುದಿಲ್ಲ. ಆರ್ಡರ್ ಪುಟದಲ್ಲಿ ಒಂದು ಖಾನೆ ಸೇರಿಸಿ ನಾಲ್ಕು ಆಯ್ಕೆ ಕೊಟ್ಟೆ: ಸಪ್ಪೆ, ಹದ, ಖಾರ, 'ಅಕ್ಕನಿಗೆ ಗೊತ್ತು'. ಹಳೆಯ ಗಿರಾಕಿಗಳೆಲ್ಲ ಈಗ ಒತ್ತುವುದು ನಾಲ್ಕನೆಯದನ್ನೇ.